ಬೆನ್ನ ಮೇಲಿನ ಓರೆ ಧ

ಹೆಬ್ಬಾಳದ ಮೇಲ್ಸೇತುವೆಯಲ್ಲಿ ನನ್ನ ಮುಂದೆ ನೀರಿನ ಟ್ಯಾಂಕರೊಂದು ನಿಂತಿತ್ತು. ಅದರ ಹಿಂಬದಿಗೆ 'ಶುದ್ದ ನೀರು' ಎಂದು ದಪ್ಪನೆಯ ಓರೆ ಅಕ್ಷರಗಳು. ಅಕ್ಷರಗಳು ಮುಂದಕ್ಕೆ ಬಾಗಿ ಓಡುತ್ತಿದ್ದವು. ಟ್ಯಾಂಕರ್ ಮಾತ್ರ ಅಲ್ಲಾಡುತ್ತಿರಲಿಲ್ಲ. ನೀವೂ ಈ ದಾರಿಯಲ್ಲಿ ಓಡಾಡುವವರಾದರೆ ಇಂಥ ಹೊತ್ತಿನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ ನಿಮಗೂ ಅಂಟಿರುತ್ತದೆ. ನಾನು ಆ 'ಶುದ್ಧ'ದ ಒತ್ತಕ್ಷರದ ಹೊಟ್ಟೆಯಲ್ಲಿ ಸೀಳು ಹುಡುಕುತ್ತಿದ್ದೆ. ಶಾಲೆಯಲ್ಲಿ ಮಹಾಪ್ರಾಣ ಕಲಿಸುವಾಗ ಮೇಷ್ಟ್ರು 'ಹೊಟ್ಟೆ ಸೀಳು' ಎನ್ನುತ್ತಿದ್ದರಲ್ಲ, ಆ ಸೀಳು ಅಲ್ಲಿರಲಿಲ್ಲ. ಬರೆದವರು ಮರೆತರೋ, ಅಕ್ಷರ ದಪ್ಪಗಾದಾಗ ತಾನೇ ಮುಚ್ಚಿಹೋಯಿತೋ, ಹೇಳಲಾರೆ.

ಮಧುಸೂದನ ಇದ್ದಿದ್ದರೆ ಹೇಳುತ್ತಿದ್ದ, ಅದೂ ಹಾರ್ನುಗಳ ನಡುವೆ ಗಾಡಿಯಿಂದ ಇಳಿದು ಬೆರಳಿಟ್ಟು ತೋರಿಸಿ. ಎಂ.ಎ. ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಇಬ್ಬರೂ ಇತಿಹಾಸ ಓದಿದೆವು. ನನಗೆ ಅದರಿಂದ ಎಲ್ಲವನ್ನೂ ಅನುಮಾನಿಸುವುದಾದರೂ ಬಂತು, ಅವನಿಗೆ ಅದೂ ಬರಲಿಲ್ಲ. ಯಲಹಂಕದಲ್ಲಿ ಕ್ರಿಕೆಟ್ ಜೆರ್ಸಿಗಳ ಮೇಲೆ ಹೆಸರು ಅಂಟಿಸುವ ಅಂಗಡಿ ಇಟ್ಟ. ಬಣ್ಣದ ಹಾಳೆಯಿಂದ ಅಕ್ಷರ ಕತ್ತರಿಸಿ, ಬಿಸಿ ಯಂತ್ರದಲ್ಲಿ ಬಟ್ಟೆಗೆ ಒತ್ತುವ ಕೆಲಸ. ಬಂದವರೆಲ್ಲ ಇಂಗ್ಲಿಷಿನ ಬೋಲ್ಡ್ ಇಟಾಲಿಕ್ಕನ್ನೇ ಕೇಳುತ್ತಿದ್ದರು: ತುದಿಯಲ್ಲಿ ಯಾವ ಕುಡಿಯೂ ಇಲ್ಲದ, ಉದ್ದಕ್ಕೂ ಒಂದೇ ದಪ್ಪದ, ಓಡುವಂತೆ ಬಾಗಿದ ಅಕ್ಷರ. ದೂರದಿಂದ ಓದಲು ಅದೇ ಸರಿ. ಕನ್ನಡದಲ್ಲಿ ಅಂಥದ್ದೊಂದು ಯಾಕಿಲ್ಲ ಎಂದು ಮಧುವಿಗೆ ಹಠ ಹುಟ್ಟಿತು.

ಕಂಪ್ಯೂಟರಿನಲ್ಲೇನೋ ಇತ್ತು. ಆದರೆ ಅದು ನೆಟ್ಟಗಿನ ಅಕ್ಷರವನ್ನು ಪಕ್ಕಕ್ಕೆ ತಳ್ಳಿದಂಥದ್ದು. ನೆತ್ತಿಯ ತಲೆಕಟ್ಟು ಗಾಳಿಗೆ ಸಿಕ್ಕ ಟೋಪಿಯಂತೆ ಏಳುತ್ತಿತ್ತು, ಒತ್ತಕ್ಷರ ಪಕ್ಕದವನ ಕಾಲು ತುಳಿಯುತ್ತಿತ್ತು. ಕನ್ನಡದ್ದು ದುಂಡು ಅಕ್ಷರ, ಓರೆ ಮಾಡಿದರೆ ಬೀಳುವಂತೆ ಕಾಣುತ್ತದೆ ಎಂದು ನಾನು ಶಾಸನಗಳವರೆಗೂ ಹೋಗಿ ಭಾಷಣ ಮಾಡಿದ ನೆನಪು. ಶಾಸನದ ಮಾತನ್ನು ಆಮೇಲೆ ನಾನೇ ಸೇರಿಸಿಕೊಂಡದ್ದೂ ಇರಬಹುದು. ಅವನ ಉತ್ತರ ಮಾತ್ರ ಕಿವಿಯಲ್ಲಿದೆ.

"ಬೀಳಲ್ಲ ಕಣೋ, ಓಡ್ತವೆ. ಎಲ್ಲದಕ್ಕೂ ಆಧಾರ ಕೇಳ್ತೀಯಲ್ಲ, ಆಧಾರ್ ಕಾರ್ಡ್ ತೋರಿಸ್ಲಾ?"

ಒಂದೊಂದೇ ಅಕ್ಷರ ಬರೆದ. ಮೈ ಓರೆ, ತಲೆಕಟ್ಟು ಮಾತ್ರ ಮಟ್ಟಸ. ಅದು ಅವನ ಉಪಾಯ. ಯಲಹಂಕದ ಹತ್ತಿರದ ಸಿಂಗಾಪುರ ಬಡಾವಣೆಯಲ್ಲಿ ಆಗಿನ್ನೂ ಮನೆ ಏಳದ ಸೈಟುಗಳಲ್ಲಿ ಅವನ ತಂಡ ಆಡುವಾಗ, ಬೌಂಡರಿಯಲ್ಲಿ ಕೂತು ನಾನು ಸೋಲೊಪ್ಪಿಕೊಂಡೆ. ಮಂಜು, ಸೂರಿ, ದಯಾನಂದ, ಒಂದೊಂದು ಹೆಸರೂ ಹುಡುಗರಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು.

ಮಧುವಿನ ಬೆನ್ನು ಮಾತ್ರ ಖಾಲಿ. ಅವನ ಹೆಸರಿನಲ್ಲಿ ಒಂದು ಧ, ಒಂದು ದ. ಅಷ್ಟು ದಪ್ಪದಲ್ಲಿ ಸೀಳು ಮುಚ್ಚಿಹೋಗಿ ಎರಡೂ ಒಂದೇ ಆಗುತ್ತಿದ್ದವು. ತಂಡದಲ್ಲಿ ಹೊಟ್ಟೆ ಸೀಳಬೇಕಾದ ಹೆಸರು ಬೇರೆ ಯಾರದ್ದೂ ಇರಲಿಲ್ಲ. ಮೈದಾನದಲ್ಲಂತೂ ಎಲ್ಲರೂ 'ಮದ್ಸೂದ್ನ' ಎಂದೇ ಕೂಗುತ್ತಿದ್ದರು. ಹಾಗಿರುವಾಗ ಸೀಳು ಯಾರಿಗೆ ಬೇಕು ಎಂದು ರೇಗಿಸಿದೆ.

"ಕರೆಯೋರು ಹೆಂಗಾದ್ರೂ ಕರೀಲಿ ಗುರು. ಬರೆಯೋದು ಸರಿಯಾಗಿರ್ಬೇಕು."

ಒಂದು ದಿನ ಅಂಗಡಿಗೆ ಹೋದಾಗ, ಕೊನೆಗೂ ಸರಿಹೋಯಿತು ಎಂದು ಹಾಳೆ ತಿರುಗಿಸಿ ಒಂದು ಧ ತೋರಿಸಿದ. ಚೆನ್ನಾಗಿದೆ ಎಂದೆ. ಮುಂದಿನ ಪಂದ್ಯಕ್ಕೆ ಅವನ ಬೆನ್ನ ಮೇಲೆ ನೋಡುವುದೇ ತಾನೆ ಎಂದುಕೊಂಡು ಟೀ ಕುಡಿದು ಹೊರಟೆ. ಆ ಪಂದ್ಯಕ್ಕೆ ಮೊದಲೇ ಅವನಿಗೆ ಹೃದಯಾಘಾತವಾಯಿತು. ಮನೆಯವರು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಅಕ್ಷರಗಳೆಲ್ಲ ಇದ್ದ ಅವನ ಕಂಪ್ಯೂಟರು ಆಮೇಲೆ ಕೆಟ್ಟು ಕೂತಿತು, ಯಾರು ರಿಪೇರಿ ಮಾಡಿದರೂ ಏಳಲಿಲ್ಲ, ಆ ಹಾಳೆಯೂ ಸಿಗಲಿಲ್ಲ. ವರ್ಷ ತುಂಬಿದಾಗ ತಂಡದವರು ಅವನ ನೆನಪಿಗೊಂದು ಪಂದ್ಯಾವಳಿ ಇಟ್ಟುಕೊಂಡು, ಎಲ್ಲರ ಬೆನ್ನಿಗೂ ಅವನ ಹೆಸರು, ಅವನದೇ ಅಕ್ಷರದಲ್ಲಿ ಬೇಕು ಎಂದರು. ಮ, ಸೂ, ದ, ನ ಹಳೆಯ ಜೆರ್ಸಿಗಳಲ್ಲಿ ಸಿಕ್ಕವು. ಧ ಎಲ್ಲಿಯೂ ಇರಲಿಲ್ಲ. ಅವನ ಹೆಂಡತಿ ಸವಿತಾ ನನ್ನನ್ನು ಕರೆಸಿದರು. ಅದನ್ನು ನೋಡಿದ್ದವನು ನಾನೊಬ್ಬನೇ.

ಬರೆಯಲು ಕೂತೆ. ಸೀಳೂ ಮೈಯ ಜೊತೆ ಓರೆಯಾಗಿತ್ತೇ, ಅದೊಂದು ನೆಟ್ಟಗಿತ್ತೇ? ಹೊಟ್ಟೆಯೊಳಕ್ಕೆ ಹೋಗಿತ್ತೇ, ಕೆಳಗೆ ಚಾಚಿತ್ತೇ? ಬರೆದ ಪ್ರತಿಯೊಂದನ್ನೂ ನೋಡಿದಾಗ ಇದೇ ಎನ್ನಿಸುತ್ತಿತ್ತು, ನನಗೆ ದಿಗಿಲಾದದ್ದೇ ಅದಕ್ಕೆ. ಕೊನೆಗೆ ನೆಟ್ಟಗಿನ ಸೀಳನ್ನು ಉಳಿಸಿಕೊಂಡೆ. ಕತ್ತರಿಸಲು ಸುಲಭ, ದೂರಕ್ಕೂ ಕಾಣುತ್ತದೆ. ಆರಿಸಿದ್ದು ನೆನಪಿನಿಂದಲೋ, ಈ ಅನುಕೂಲಕ್ಕೋ ತಿಳಿಯದು.

"ಇದೇನಾ ಅಣ್ಣ, ಅವ್ರು ಮಾಡಿದ್ದು?" ಎಂದರು ಸವಿತಾ.

"ಗೊತ್ತಿಲ್ಲಮ್ಮ. ಇರ್ಬಹುದು."

ಅವರು ಹಾಳೆಯನ್ನು ದೂರ ಹಿಡಿದು ಬಹಳ ಹೊತ್ತು ನೋಡಿದರು. "ನಿಮಗೆ ಅಷ್ಟಾದ್ರೂ ಗೊತ್ತಲ್ಲ. ನಂಗೆ, ಬೆನ್ನಿಗೆ ಹಾಕ್ಕೊಂಡ್ಮೇಲೆ ತೋರಿಸ್ತೀನಿ ಅಂದಿದ್ರು."

ಪಂದ್ಯದ ದಿನ ಅಷ್ಟೂ ಬೆನ್ನುಗಳ ಮೇಲೆ ಮಧುಸೂದನ ಓಡಿದ. ಥೇಟ್ ಅವನ ಅಕ್ಷರವೇ ಎಂದರು ಎಲ್ಲರೂ. ಆ ಒಂದಕ್ಷರ ಖಾತ್ರಿಯಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಕೇಳಿದವರು ನನ್ನ ಭುಜ ತಟ್ಟಿ ಮುಂದೆ ಹೋದರು.

ಈಗಲೂ ಒಮ್ಮೊಮ್ಮೆ ಕಣ್ಣು ಮುಚ್ಚಿ ಆ ಅಂಗಡಿಗೆ ಹೋಗುತ್ತೇನೆ. ಮಧು ಹಾಳೆ ತಿರುಗಿಸಿ ನನ್ನ ಕಡೆ ಹಿಡಿಯುತ್ತಾನೆ. ಮೊದಲೆಲ್ಲ ಅದರ ಮೇಲೆ ಮಸಕಾಗಿ ಏನೋ ಒಂದು ಇರುತ್ತಿತ್ತು. ಈಗ ಅಲ್ಲಿ ನಾನು ಬರೆದ ಧ ಇದೆ, ಬಲು ಸ್ಪಷ್ಟವಾಗಿ.