ಚೌಳು ಹಾಕಿದಷ್ಟೂ ಕಪ್ಪು

ನಮ್ಮಪ್ಪ ಹಿಂದೆ ನೋಡಬೇಕಾದರೆ ಇಡೀ ಅಪ್ಪನೇ ತಿರುಗಬೇಕಿತ್ತು. ಕುತ್ತಿಗೆಯೊಂದೇ ತಿರುಗುವ ಸೌಲಭ್ಯ ಐವತ್ತಕ್ಕೆ ಮೊದಲೇ ನಿಂತುಹೋಗಿತ್ತು. ಬೆನ್ನಿಗೆ ಹಲಗೆ ಕಟ್ಟಿಕೊಂಡವನಂತೆ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಅವನು ಕುರುಗೋಡಿನ ಬಸ್‌ಸ್ಟ್ಯಾಂಡಿಗೆ ಬರುವುದನ್ನು ನಾನು ಎಲ್ಲೆಲ್ಲೋ ಆಡಿ ತೋರಿಸಿದ್ದೇನೆ: ಮದುವೆ ಮನೆಗಳಲ್ಲಿ, ಬಳ್ಳಾರಿ ಬಸ್ಸಿನಲ್ಲಿ, ನಾನು ಹೊಲಿಗೆಗೆ ಕೂರುತ್ತಿದ್ದ ಕಂಟೋನ್ಮೆಂಟಿನ ಅಂಗಡಿಯಲ್ಲಿ. ದೇಶನೂರಿನ ಅತ್ತೆ, ಅಂದರೆ ಅಪ್ಪನ ಅಕ್ಕ, ಆ ಆಟ ನೋಡದೆ ನನಗೆ ಊಟಕ್ಕೆ ಇಡುತ್ತಿರಲಿಲ್ಲ. "ನಿಮ್ಮಪ್ಪನಂಗ ನಡದು ತೋರಿಸಲೇ" ಎನ್ನುವಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಆಮೇಲೆ ನಾನು ಅವಳ ನಗುವನ್ನೇ ಆಡಿ ತೋರಿಸಿದರೆ ಮಾತ್ರ ಕೈಗೆ ಸಿಕ್ಕಿದ್ದನ್ನು ಎಸೆಯುವಳು.

ಆ ಅತ್ತೆಯ ಮಗನಿಗೇ ನಮ್ಮಕ್ಕನನ್ನು ಕೊಟ್ಟದ್ದು. ಅವ್ವ ಕೂಡ ಅಪ್ಪನಿಗೆ ಸೋದರಮಾವನ ಮಗಳು. ನಮ್ಮಲ್ಲಿ ಹೆಣ್ಣು ಹೊರಗೆ ಹೋಗುವುದಿಲ್ಲ, ಹೊರಗಿನದು ಬರುವುದಿಲ್ಲ. ಬೀಗರು ಎದುರುಬದುರು ಕೂತರೆ ಕನ್ನಡಿ ಇಟ್ಟಂತೆ, ಎರಡೂ ಕಡೆ ಅದೇ ಮೂಗು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಕ್ಕ ಬಾಣಂತನ ಮುಗಿಸಿಕೊಂಡು ಐದು ತಿಂಗಳ ಗಂಡುಮಗುವಿನೊಂದಿಗೆ ದೇಶನೂರಿಗೆ ಹೋಗಿ ಇಪ್ಪತ್ತು ದಿನ ಆಗಿರಲಿಲ್ಲ, ಟ್ರಂಕಿನ ಸಮೇತ ವಾಪಸ್ ಬಂದಳು. ಜೊತೆಗೆ ಅತ್ತೆ. ಹಿಂದೆ ಮಾವ, ಅಂದರೆ ಅಕ್ಕನ ಗಂಡ, ಹೊಸ್ತಿಲಾಚೆ ನಿಂತು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಅತ್ತೆ ಒಂದು ಗಂಟು ಬಿಚ್ಚಿ ಪಡಸಾಲೆಯಲ್ಲಿ ಸುರಿದಳು. ಕೂಸಿನ ಉಚ್ಚೆಬಟ್ಟೆಗಳು. ಶಾಯಿ ಚೆಲ್ಲಿದಂತೆ ಕಪ್ಪು ಕಲೆ.

"ನೋಡ್ರಿ. ಒಗದಷ್ಟೂ ಕರ್ರಗ ಆಗ್ತಾವ. ಬಕೀಟು ತುಂಬ ಚೌಳು ಮಣ್ಣು ಹಾಕಿ ತಿಕ್ಕಿದ್ರೂ ಹೋಗವಲ್ದು. ಈಕಿ ಏನ್ ತಿಂದು ಹಡದಾಳೋ, ಮೈಯಾಗ ಏನ್ ವಿಷ ಐತೋ. ಅದು ಹೋದ ಮ್ಯಾಲೆ ಕಳಸ್ರಿ. ಇಲ್ಲಂದ್ರ ಇಲ್ಲೇ ಇಟ್ಕೋರಿ."

"ಅಂಗಡ್ಯಾಗ ಕರೇ ಬಟ್ಟಿಗೆ ಬೇಡಿಕಿ ಭಾಳ ಐತಿ, ಅತ್ತಿ" ಎಂದೆ. ಯಾರೂ ನಗಲಿಲ್ಲ. ಅಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು, ಅಳುವಷ್ಟು ತ್ರಾಣವೂ ಇಲ್ಲದವಳಂತೆ. ಬಾಣಂತನದ ಐದು ತಿಂಗಳೂ ಬಟ್ಟೆ ಒಗೆದದ್ದು ಅವ್ವ. ಕಪ್ಪಾದವನ್ನು ಯಾರಿಗೂ ಕಾಣದಂತೆ ಹಿತ್ತಲಲ್ಲಿ ಸುಟ್ಟಿದ್ದಳು ಎಂಬುದು ನಮಗೆ ಆಮೇಲೆ ತಿಳಿಯಿತು.

ಬಳ್ಳಾರಿಯ ಮಕ್ಕಳ ಡಾಕ್ಟರ ಬಳಿ ಅಕ್ಕನನ್ನು ಕರೆದುಕೊಂಡು ನಾಲ್ಕು ಸಲ ಹೋದೆ. ಅದೇ ಬಸ್ಸು, ಅದೇ ಬಿಸಿಲು, ಅದೇ ಬೆಂಚು. ನಾಲ್ಕನೆಯ ದಿನ ಮಗು ಹಟ ಹಿಡಿದು ಅಳತೊಡಗಿತು. ನನಗಿದ್ದದ್ದು ಒಂದೇ ವಿದ್ಯೆ. ಎದ್ದು ಅಪ್ಪನಾಗಿ ವರಾಂಡದಲ್ಲಿ ನಡೆದೆ, ಇಡಿಯಾಗಿ ತಿರುಗಿದೆ. ಮಗು ಬೊಚ್ಚುಬಾಯಿ ತೆರೆದು ನಕ್ಕಿತು. ಬಾಗಿಲಲ್ಲಿ ಡಾಕ್ಟರು ನಿಂತಿದ್ದರು.

"ಏಯ್, ಇನ್ನೊಂದ್ ಸಲ ನಡಿ."

ಬೈಯುತ್ತಾರೆಂದು ಹೆದರಿ ನಡೆದೆ.

"ಯಾರದು ಈ ನಡಿಗಿ?"

"ನಮ್ಮಪ್ಪಂದ್ರೀ."

"ಅವರ ಕಿವಿ ಯಾವ ಬಣ್ಣ?"

ಇಷ್ಟು ವರ್ಷ ಅಪ್ಪನ ಬೆನ್ನನ್ನು ಮಾರಿಕೊಂಡು ಬದುಕಿದ ನಾನು ಅವನ ಕಿವಿ ನೋಡಿರಲಿಲ್ಲ. ಅಕ್ಕ ಹೇಳಿದಳು: "ಒಂಥರಾ ನೀಲಿ ಅದಾವ್ರಿ. ಸೀಸದ ಕಡ್ಡಿ ಉಜ್ಜಿದಂಗ. ಬನೀನೂ ಕಂಕುಳಾಗ ಕರ್ರಗಾಗ್ತಾವ."

ಮರುದಿನ ಅಪ್ಪನನ್ನೂ ಎಳೆದುಕೊಂಡು ಹೋದೆ. ಮಗುವಿನದೊಂದು, ಅಪ್ಪನದೊಂದು ಉಚ್ಚೆಯ ಸೀಸೆ ಕಿಟಕಿಯಲ್ಲಿ ಕೂತವು. "ನಂದೂ ಇಡ್ರಿ ಸಾರ್, ಗಂಗಾಜಲ" ಎಂದು ನಾನೂ ಒಂದು ತುಂಬಿಸಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಮೂರೂ ಚಹಾದ ಕಷಾಯದ ಬಣ್ಣಕ್ಕೆ ಬಂದಿದ್ದವು. ಗಂಗಾಜಲವೇ ಎಲ್ಲಕ್ಕಿಂತ ಕಪ್ಪು. ಬಯಲಿಗೆ ಹೋಗಿ ಬರುವವನು ಹಿಂದಿರುಗಿ ನೋಡುವುದುಂಟೇ?

ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಬ್ಯಾಳಿ, ಹಾಲು ತಿಂತೀರಲ್ಲ, ಅದರಾಗಿನ ಪ್ರೋಟೀನು ಮೈಯೊಳಗ ತುಂಡು ತುಂಡಾಗಿ ಒಡೀಬೇಕು. ಆ ತುಂಡುಗಳನ್ನ ಪಿತ್ತಜನಕಾಂಗದ ಕಣಗಳು ಇನ್ನೂ ಸಣ್ಣಗ ಮಾಡ್ತಾವ. ಹಂತಕ್ಕೊಬ್ಬ ಕೆಲಸಗಾರ ಅಂತ ತಿಳ್ಕೋರಿ. ನಿಮ್ಮ ವಂಶದಾಗ ಅಂಥಾ ಕೆಲಸಗಾರ ಒಬ್ಬ ಹುಟ್ಟಿದಾಗಿಂದ ರಜಾ. ಅರ್ಧ ಒಡದದ್ದು ಹಂಗೇ ಉಳೀತೈತಿ. ಉಚ್ಚಿಯಾಗ ಹೋದದ್ದು ಗಾಳಿ ತಾಗಿ ಕಪ್ಪಾಗತೈತಿ, ಚೌಳು ಸೋಡಾ ತಾಗಿದ್ರ ಇನ್ನೂ ಬೇಗ. ಒಳಗ ಉಳಿದದ್ದು ವರ್ಷಗಟ್ಟಲೆ ಬೆನ್ನಾಗ, ಕೀಲಿನಾಗ, ಕಿವಿಯಾಗ ಕೂಡತೈತಿ. ಕೂಸಿಗೆ ಈಗೇನೂ ತ್ರಾಸಿಲ್ಲ. ದೊಡ್ಡಾವಾದ ಮ್ಯಾಲೆ ಬೆನ್ನು ಹಿಡೀತೈತಿ."

"ತಪ್ಪು ನನ್ನದೇನ್ರಿ?" ಅಕ್ಕ ಕೇಳಿದಳು. ಅವಳು ಐದು ದಿನದಲ್ಲಿ ಕೇಳಿದ್ದು ಅದೊಂದೇ.

"ತಪ್ಪೆಲ್ಲಿಂದ ಬಂತಮ್ಮ? ಗಂಡನ ಕಡಿಯಿಂದಾನೂ ಬಂದಿರಬೇಕು, ನಿನ್ ಕಡಿಯಿಂದಾನೂ. ಒಬ್ಬರದೇ ಬಂದ್ರ ಹಿಂಗಾಗಂಗಿಲ್ಲ."

ಔಷಧಿ ಏನೆಂದು ಅಪ್ಪ ಕೇಳಿದ. ಇಲ್ಲ ಎಂದರು. ಅಪ್ಪ ಇಡಿಯಾಗಿ ತಿರುಗಿ ಹೊರಟ. ಅದನ್ನು ಆಡಿ ತೋರಿಸುವ ಮನಸ್ಸಾಗಲಿಲ್ಲ.

ಭಾನುವಾರ ಸಿರುಗುಪ್ಪದಲ್ಲಿ ಬಸ್ಸಿಳಿದು ದೇಶನೂರಿಗೆ ಹೋದೆ. ಡಾಕ್ಟರ ಮಾತನ್ನು ಅವರದೇ ಧ್ವನಿಯಲ್ಲಿ ಒಪ್ಪಿಸಿದೆ. ಅತ್ತೆ ನಂಬಲಿಲ್ಲ. "ನಿನ್ನ ಆಟ ನನ್ ಹತ್ರ ಬ್ಯಾಡ" ಎಂದಳು. ಹಿತ್ತಲಿಗೆ ಹೋಗಿ ಗಾಜಿನ ಲೋಟದಲ್ಲಿ ನನ್ನದೇ ಉಚ್ಚೆ ಹಿಡಿದುಕೊಂಡು ಬಂದೆ. ಅವಳು ಮೂಗು ಮುಚ್ಚಿಕೊಳ್ಳುವಷ್ಟರಲ್ಲಿ ಅವಳದೇ ಬಕೀಟಿನಿಂದ ಒಂದು ಹಿಡಿ ಚೌಳು ಮಣ್ಣು ಅದಕ್ಕೆ ಹಾಕಿ ಕಲಕಿದೆ. ಇಬ್ಬರೂ ನೋಡುತ್ತ ಕೂತೆವು. ಮೊದಲು ಮೇಲೆ, ಆಮೇಲೆ ಕೆಳಗೆ, ಲೋಟವೆಲ್ಲ ಕಪ್ಪಾಯಿತು.

"ಇದು ಅಕ್ಕಂದಲ್ಲ, ಕೂಸಿಂದಲ್ಲ. ನಂದು, ಅತ್ತಿ. ಅಪ್ಪಂದೂ ಹಿಂಗೇ. ಸಣ್ಣಾವಿದ್ದಾಗ ಅವನ ಬಟ್ಟಿ ಯಾರು ಒಗೀತಿದ್ರು?"

ಅತ್ತೆ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ನಾನ" ಎಂದಳು. "ಎಂಟು ವರ್ಸದಾಕಿ ಇದ್ನೆಪ್ಪ. ಕಪ್ಪು ಹೋಗ್ಲಿಲ್ಲಂತ ನಮ್ಮವ್ವ ಕೆನ್ನಿಗೆ ಹೊಡೀತಿದ್ಲು, ಚೌಳು ಕಡಿಮಿ ಹಾಕೀ ಅಂತ. ಇನ್ನಷ್ಟು ಹಾಕ್ತಿದ್ದೆ. ಅಂಗೈ ಸುಲೀತಿತ್ತು." ಅಂಗೈ ತಿರುಗಿಸಿ ನೋಡಿಕೊಂಡಳು. "ನನ್ ಕೈಯಾಗ ದೋಷ ಐತಿ ಅಂತ ಮಾಡಿದ್ನಿ ಇಷ್ಟು ದಿನ. ಕೂಸಿನ ಬಟ್ಟಿ ನೋಡಿ ಅಂಜಿಕಿ ಬಂತು."

ಒಳಗಿದ್ದ ಮಾವನನ್ನು ಕೂಗಿದಳು. "ಏ, ಬಂಡಿ ಹೂಡು. ಹೋಗಿ ಕರ್ಕಂಡ್ ಬಾ ಆಕೀನ."

ಅಕ್ಕ ಮರಳಿದ ಸಂಜೆ ನಾನೂ ಇದ್ದೆ. ಅಕ್ಕ ಇನ್ನೂ ಅತ್ತೆಯ ಮುಖ ನೋಡುತ್ತಿರಲಿಲ್ಲ. ಅತ್ತೆ ಕೂಸಿನ ಬಟ್ಟೆಗಳನ್ನು ಬರೀ ನೀರಲ್ಲಿ ಜಾಲಿಸಿ, ಹಿತ್ತಲಿಗೆ ಒಯ್ಯದೆ ಮುಂದಿನ ಅಂಗಳದ ಹಗ್ಗಕ್ಕೆ ಹಾಕಿದಳು, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ. ಬಂದು ನನ್ನ ಪಕ್ಕ ಕೂತಳು. ಏನಾದರೂ ಮಾತಾಡಬೇಕಲ್ಲ ಎಂದೋ ಏನೋ, "ನಿಮ್ಮಪ್ಪನಂಗ ನಡದು ತೋರಿಸಲೇ" ಎಂದಳು.

"ಇನ್ನೊಂದಿಪ್ಪತ್ತು ವರ್ಸ ತಡಿ, ಅತ್ತಿ" ಎಂದೆ. "ನೀ ಕೇಳದಿದ್ರೂ ತೋರಿಸ್ತೀನಿ."