ಬರಲಿಲ್ಲವೆಂದು ಬರೆಸಿಕೊಂಡ ತಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಚಾದರದಕ್ಕ ಆಗಲೇ ಸೊಂಟ ಕಟ್ಟಿ ನಿಂತಿದ್ದಾಳೆ. ವಾರ್ಡುಗಳಿಂದ ಬಂದ ರಕ್ತದ ಕಲೆಯ ಚಾದರಗಳನ್ನು ಒಂದೊಂದಾಗಿ ಬಿಡಿಸಿ ಕೊಡವುತ್ತಾಳೆ. ಮಡಿಕೆಯಲ್ಲಿ ಯಾರೋ ಮರೆತ ಸೂಜಿ ಚುಚ್ಚೀತೆಂಬ ಭಯ ಇದ್ದೇ ಇದೆ. ದಿನಕ್ಕೆ ಏನಿಲ್ಲವೆಂದರೂ ಐನೂರು ಚಾದರ. "ವಾಸಿಯಾದೋರು ಡಾಕ್ಟರಿಗೆ ಕೈ ಮುಗೀತಾರೆ. ಚಾದರ ಒಗೆದೋಳಿಗೆ ಯಾರು ಮುಗೀತಾರೆ, ಬಿಡಿ" ಎಂದು ನಗುತ್ತಾಳೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಎರಡು ತಿಂಗಳ ಹಿಂದೆ ಅವಳ ಆರು ವರ್ಷದ ಮಗಳನ್ನು ವಿಮಾನ ಹತ್ತಿಸಿ ಕಳಿಸಲಾಯಿತು. ಪರದೇಶದಲ್ಲಿರುವ ಗಂಡ, ಮಗು ತನಗೇ ಸೇರಬೇಕೆಂದು ಅಲ್ಲಿನ ಕೋರ್ಟಿನಿಂದ ತೀರ್ಪು ತಂದಿದ್ದ. ಆ ಕೇಸಿನ ನೋಟಿಸನ್ನು ಮನೆ ಬಾಗಿಲಲ್ಲಿ ಇವಳ ಕೈಗೇ ಕೊಟ್ಟೆನೆಂದು ಯಾರೋ ಬರೆದುಕೊಟ್ಟಿದ್ದರು. ಇವಳಿಗೆ ಅದರ ಗಾಳಿಯೂ ಸೋಕಿರಲಿಲ್ಲ. ಮೊಹರು ಬಿದ್ದ ತೀರ್ಪನ್ನು ಸರಿಯೆಂದೇ ನಂಬುತ್ತೇವೆ, ತಪ್ಪೆನ್ನುವವರೇ ಸಾಬೀತು ಮಾಡಬೇಕು ಎಂದಿತು ಇಲ್ಲಿನ ಕೋರ್ಟು.

"ಬಂದಿದ್ರೆ ತೋರಿಸಬಹುದಿತ್ತು. ಬರದೇ ಇದ್ದದ್ದನ್ನ ಎಲ್ಲಿಂದ ತಂದು ತೋರಿಸಲಿ, ಹೇಳಿ?"

ದಾರಿಯೇ ಇರಲಿಲ್ಲವೆಂದಲ್ಲ. ನೋಟಿಸು ಕೊಟ್ಟೆವೆನ್ನುವ ದಿನ ಬೆಳಗಿನಿಂದ ಸಂಜೆಯವರೆಗೂ ಅವಳು ಇಲ್ಲೇ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಳು. ಆದರೆ ಅದು ಜೊತೆಗೆ ದುಡಿಯುವ ಗೆಳತಿಯ ಪಾಳಿ. ಗೆಳತಿಯ ಮಗನಿಗೆ ಅಂದು ಆಪರೇಷನ್. ಮೇಸ್ತ್ರಿ ರಜೆ ಕೊಟ್ಟಿರಲಿಲ್ಲ. ಇಂಥ ಹೊತ್ತಿನಲ್ಲಿ ಒಬ್ಬಳ ಹೆಸರಿನ ಹಾಜರಿ ಬಿಲ್ಲೆಯನ್ನು ಇನ್ನೊಬ್ಬಳು ಗೇಟಿನಲ್ಲಿ ತೂಗುಹಾಕಿ ದುಡಿಯುವುದು ಈ ಹೆಂಗಸರು ಗುಟ್ಟಾಗಿ ನಡೆಸಿಕೊಂಡು ಬಂದ ರೂಢಿ. ಹಾಗಾಗಿ ಆಸ್ಪತ್ರೆಯ ಲೆಕ್ಕದಲ್ಲಿ ದುಡಿದವಳು ಗೆಳತಿ; ಚಾದರದಕ್ಕ ಆ ದಿನ ರಜೆಯ ಮೇಲೆ ಮನೆಯಲ್ಲಿದ್ದಳು.

ಕೆಲಸ ಹೋದರೆ ಹೋಗಲಿ ಎಂದು ಗೆಳತಿ ಕಟಕಟೆ ಹತ್ತಿ ನಡೆದದ್ದನ್ನು ನಡೆದಂತೆ ಹೇಳಿದಳು. "ಗೇಟಿನಲ್ಲಿ ಸುಳ್ಳು ಹೇಳಿದವಳು ಇಲ್ಲಿ ನಿಜ ಹೇಳ್ತೀಯ ಅಂತ ಹೇಗಮ್ಮ ನಂಬೋದು?" ಎಂದರು ಎದುರು ವಕೀಲರು. ಕೋರ್ಟು ನಂಬಲಿಲ್ಲ. ಆಸ್ಪತ್ರೆಯವರು ಮಾತ್ರ ಪೂರ್ತಿ ನಂಬಿ, ಇಬ್ಬರನ್ನೂ ಯಾರಿಗೂ ಬೇಡವಾದ ಈ ಕೊಳೆಬಟ್ಟೆಯ ಕೋಣೆಗೆ ತಳ್ಳಿದರು.

ಪಕ್ಕದಲ್ಲೇ ಚಾದರ ಕೊಡವುತ್ತಿರುವ ಗೆಳತಿಯ ಕಣ್ಣು ತುಂಬುತ್ತದೆ. "ನನ್ನಿಂದ ನಿನ್ನ ಮಡಿಲು ಬರಿದಾಯ್ತಲ್ಲೇ..."

"ಸುಮ್ನಿರೇ. ನಿನ್ನ ಮಗ ಓಡಾಡ್ಕೊಂಡಿದಾನಲ್ಲ."

ಮೇಲಿನ ಕೋರ್ಟಿಗೆ ಹೋಗುವ ಶಕ್ತಿ ತನಗಿಲ್ಲ ಎನ್ನುತ್ತಾಳೆ ಚಾದರದಕ್ಕ. ಕೈಯಲ್ಲಿದ್ದ ಚಾದರವನ್ನು ಬುಟ್ಟಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ.

"ಕರೆದರೂ ತಾಯಿ ಬರಲಿಲ್ಲ ಅಂತ ಆ ತೀರ್ಪಲ್ಲಿ ಬರೆದಿದೆಯಂತೆ. ಮಗಳು ದೊಡ್ಡೋಳಾದ್ಮೇಲೆ ಓದೇ ಓದ್ತಾಳೆ. ನನ್ನನ್ನ ಯಾರೂ ಕರೀಲೇ ಇಲ್ಲ ಕಂದಾ ಅಂತ ಅವಳಿಗೊಬ್ಬಳಿಗೆ ಹೇಳೋಕೆ ಸಿಕ್ಕಿದ್ರೆ ಸಾಕು."