ಆರಿಸಿಕೊಟ್ಟ ಹಳದಿ ದೀಪ

2022ರ ಹೊತ್ತಿಗೆ ನಾನು ಮದ್ದೂರಿನಲ್ಲಿ ಗ್ಯಾರೇಜ್ ಇಟ್ಟು ಹತ್ತೊಂಬತ್ತು ವರ್ಷವಾಗಿತ್ತು. ನನ್ನದು ಆಟೊ ಎಲೆಕ್ಟ್ರಿಷಿಯನ್ ಕೆಲಸ. ಕಾರಿಗೆ ಸ್ಕ್ಯಾನರ್ ಹಾಕಿ ದೋಷ ಹುಡುಕುವುದು, ವೈರಿಂಗ್ ಸರಿಪಡಿಸುವುದು. ಬೆಸಗರಹಳ್ಳಿಯಲ್ಲಿ ಆಲೆಮನೆ ನಡೆಸುತ್ತಿದ್ದ ನನ್ನ ಅಕ್ಕನ ಗಂಡ ಪುಟ್ಟಸ್ವಾಮಿ ಆ ವರ್ಷ ಮಂಡ್ಯದ ದಲ್ಲಾಳಿಯೊಬ್ಬನಿಂದ ಒಂಬತ್ತು ವರ್ಷ ಹಳೆಯ ಐಷಾರಾಮಿ ವಿದೇಶಿ ಕಾರು ತಂದರು. ಹೊಸದರಲ್ಲಿ ಅರವತ್ತು ಲಕ್ಷದ್ದು, ಭಾವನಿಗೆ ಹನ್ನೊಂದಕ್ಕೆ ಸಿಕ್ಕಿತ್ತು.

ಕೊಳ್ಳುವ ಮೊದಲು ನನಗೆ ತೋರಿಸಲಿಲ್ಲ. ತೋರಿಸಿದ್ದರೆ ಹೇಳುತ್ತಿದ್ದೆ: ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ತಂದಮೇಲೆ ಸ್ಕ್ಯಾನರ್ ಹಾಕಿ ನೋಡಿದರೆ ಮೀಟರಿನಲ್ಲಿ ಐವತ್ತೆಂಟು ಸಾವಿರ ಕಿಲೋಮೀಟರ್, ಗೇರ್‌ಬಾಕ್ಸಿನ ಮೆಮೊರಿಯಲ್ಲಿ ಒಂದು ಲಕ್ಷ ಅರವತ್ತು ಸಾವಿರ. ಮಾರುವ ಮೊದಲು ಮೀಟರ್ ಹಿಂದಕ್ಕೆ ತಿರುಗಿಸಿದ್ದರು. ಮೂರನೇ ತಿಂಗಳಿಗೆ ಮುಂದಿನ ಏರ್ ಸಸ್ಪೆನ್ಷನ್ ಕುಸಿಯಿತು. ಸ್ಪ್ರಿಂಗಿನ ಬದಲು ಗಾಳಿಚೀಲ ಕಾರನ್ನು ಹೊರುವ ವ್ಯವಸ್ಥೆ ಅದು. ಎರಡು ಚೀಲಕ್ಕೆ ಒಂದು ಲಕ್ಷ ನಲವತ್ತು ಸಾವಿರ. ದಲ್ಲಾಳಿಗೆ ಫೋನ್ ಮಾಡಿದರೆ, "ದೊಡ್ ಗಾಡಿ ಅಂದ್ಮೇಲೆ ದೊಡ್ ಖರ್ಚೂ ಇರ್ತದೆ ಗೌಡ್ರೆ" ಎಂದು ನಕ್ಕನಂತೆ.

ಆಯುಧಪೂಜೆಯ ಹಿಂದಿನ ದಿನ ನಮ್ಮ ಕಡೆ ಟ್ರ್ಯಾಕ್ಟರು, ಟ್ರೈಲರುಗಳನ್ನು ನಾಲೆಗೆ ಇಳಿಸಿ ತೊಳೆಯುತ್ತಾರೆ. ಭಾವ ಟ್ರ್ಯಾಕ್ಟರಿನ ಹಿಂದೆಯೇ ಈ ಕಾರನ್ನೂ ಇಳಿಸಿದರು. ಬಾನೆಟ್ಟಿನೊಳಕ್ಕೆ ನೀರು ನುಗ್ಗಿತು. ಮರುದಿನ ಪೂಜೆ ಮುಗಿಸಿ, ಹಾರ ಸಮೇತ ಗ್ಯಾರೇಜಿಗೆ ತಂದರು. ಎಬಿಎಸ್‌ನ ಹಳದಿ ದೀಪ ಉರಿಯುತ್ತಿತ್ತು. ಬ್ರೇಕನ್ನು ಒಮ್ಮೆಲೇ ತುಳಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಕಾಯುವುದೇ ಎಬಿಎಸ್. ಅದರ ಯೂನಿಟ್ ಹೋಗಿತ್ತು. ಹೊಸದಕ್ಕೆ ಒಂದು ಲಕ್ಷ ಎಂಬತ್ತು ಸಾವಿರ.

"ಲೇ ಬಾಮೈದ, ಬ್ರೇಕು ಇಡೀತದಾ ಇಲ್ವಾ, ಅಷ್ಟೇಳು" ಎಂದರು.

"ಇಡೀತದೆ ಭಾವ. ಮಳೇಲಿ ಜೋರಾಗಿ ತುಳಿದ್ರೆ ಜಾರ್ತದೆ."

"ಅಂಗಾರೆ ದೀಪ ಆರ್ಸು. ನಾಳಿದ್ದು ಮಳವಳ್ಳೀಲಿ ಬೀಗರೂಟ ಅದೆ. ಪಕ್ಕ ಕೂತೋರು ನೋಡಿದ್ರೆ ಗುಜರಿ ತಂದವ್ನೆ ಅಂತಾರೆ. ಬೆಲ್ಲದ ದುಡ್ಡು ಬಂದ್ಮೇಲೆ ಆಕ್ಸುವಾ ಬುಡು."

ಎಷ್ಟೋ ಜನಕ್ಕೆ ಹೀಗೆ ಮಾಡಿಕೊಟ್ಟಿದ್ದೆ. ನಮ್ಮ ಕಸುಬಿನಲ್ಲಿ ಅದು ಐನೂರು ರೂಪಾಯಿಯ ಕೆಲಸ. ಮೀಟರ್ ಬಿಚ್ಚಿ ದೀಪ ಕಿತ್ತೆ. ಭಾವನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಅದನ್ನೇ ಉಪಕಾರ ಅಂದುಕೊಂಡೆ.

ಬೆಲ್ಲದ ದುಡ್ಡು ಬಂತು. ದೀಪ ಕಾಣದ ಮೇಲೆ ಅವರಿಗೆ ನೆನಪಾಗಲಿಲ್ಲ. ನೆನಪಿದ್ದ ನಾನು ಹೇಳಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ಮಳವಳ್ಳಿ ರಸ್ತೆಯಲ್ಲಿ ಮಳೆ ಸುರಿಯುತ್ತಿತ್ತು. ತಿರುವು ಕಳೆದ ಕೂಡಲೇ ಕಬ್ಬು ತುಂಬಿದ ಟ್ರೈಲರ್ ಕೆಟ್ಟು ನಿಂತಿತ್ತು. ಭಾವ ಬ್ರೇಕ್ ತುಳಿದಿದ್ದಾರೆ. ಚಕ್ರ ಕಚ್ಚಿಕೊಂಡಿವೆ. ಕಾರು ನೇರವಾಗಿ ಜಾರಿ ಟ್ರೈಲರಿನ ಕೆಳಗೆ ಹೋಯಿತು. ಅಲ್ಲೇ ತೀರಿಕೊಂಡರು.

ತಿಥಿ ಮುಗಿದ ವಾರಕ್ಕೆ ಆ ದಲ್ಲಾಳಿ ಗ್ಯಾರೇಜಿಗೆ ಬಂದ. ಪಾಪ ಒಳ್ಳೇ ಮನುಷ್ಯ ಅಂದು ಎರಡು ಸಲ ನಿಟ್ಟುಸಿರು ಬಿಟ್ಟ. ಆಮೇಲೆ, "ಆ ಗಾಡಿ ಇಂದ್ಗಡೆ ಸೀಟು, ಗೇರ್‌ಬಾಕ್ಸು ಚೆನ್ನಾಗವಂತೆ. ಇದೇ ಥರದ್ದು ಇನ್ನೊಂದ್ ಬಂದದೆ, ಅದಕ್ಕಾಯ್ತವೆ. ಅದ್ರಲ್ಲೂ ಒಂದ್ ಲೈಟ್ ಉರೀತದೆ, ನೀನೇ ನೋಡ್ಕೊಡು" ಅಂದ. ಹೇಸಿಗೆಯಾಯಿತು. ಹೊರಗೆ ಕಳಿಸಿದೆ. ಅವನು ಹೋದಮೇಲೆ ತಿಳಿಯಿತು, ಅವನು ಸರಿಯಾದ ಅಂಗಡಿಗೇ ಬಂದಿದ್ದ. ಆ ಹೇಸಿಗೆ ಇನ್ನೂ ನನ್ನ ಕೈಯಲ್ಲಿದೆ.

ಅಂದೇ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಅವ್ರಿಗೇನ್ ಗೊತ್ತಾಯ್ತದ್ಲಾ ಕಾರಿನ್ ವಿಸ್ಯ" ಎಂದಳು. "ನಿಂಗ್ ಗೊತ್ತಿತ್ತು."

ಅಕ್ಕ ಮಾತು ಬಿಟ್ಟಿಲ್ಲ. ಹೋದಾಗಲೆಲ್ಲ ಊಟಕ್ಕಿಡುತ್ತಾಳೆ. ಉಣ್ಣುವುದು ಕಷ್ಟ.

ಈಗಲೂ ವಾರಕ್ಕೊಬ್ಬರಾದರೂ ದೀಪ ಆರಿಸಿಕೊಡು ಎಂದು ಬರುತ್ತಾರೆ. ಆಗಲ್ಲ ಅನ್ನುತ್ತೇನೆ. ಬೈದುಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಆಗುತ್ತದೆ. ಕೆಟ್ಟಿದ್ದನ್ನು ಸರಿಮಾಡಲು ಆಗದಿದ್ದರೆ, ಕೆಟ್ಟಿದೆ ಎಂಬುದು ಓಡಿಸುವವನ ಕಣ್ಣಿಗೆ ಕಾಣುವಂತಾದರೂ ಬಿಡಬೇಕು. ಇಷ್ಟನ್ನು ಕಲಿಯಲು ನನಗೆ ಹತ್ತೊಂಬತ್ತು ವರ್ಷ ಸಾಲಲಿಲ್ಲ, ಭಾವನ ಜೀವ ಬೇಕಾಯಿತು.